ಹೆಣದ ನೀರಿನ ಪಕ್ಕದಲ್ಲಿ ಗಂಜಿ

ಗೆಳೆಯರೇ, ಇವತ್ತು ಬೆಳಿಗ್ಗೆ ಭೀಮನಬೀಡಿನ ನಮ್ಮ ಮನೆಯಲ್ಲಿ ತಾತ ತೀರಿಕೊಂಡ. ಅದಕ್ಕೆ ಸ್ವಲ್ಪ ಮುಂಚೆ ಅಜ್ಜಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ತೆಗೆದುಕೊಂಡಿದ್ದಳು. ಇನ್ನೂ ಏನೂ ತಿಂದಿರಲಿಲ್ಲ.

ಹೆಣ ಎತ್ತುವವರೆಗೆ ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆಂಟರು ಊಟ ತರುವುದು ಮಣ್ಣು ಮಾಡಿದ ಮೇಲೆ. ಹೆಣ ತೊಳೆಯುವ ನೀರಿಗೆ ಮಾತ್ರ ಹಿತ್ತಲಲ್ಲಿ ಮೂರು ಕಲ್ಲಿನ ಮೇಲೆ ಹಂಡೆಯಿಟ್ಟು ಬೆಂಕಿ ಮಾಡಿದ್ದರು. ಅಷ್ಟರಲ್ಲಿ ಸಕ್ಕರೆ ಇಳಿದು ಅಜ್ಜಿಯ ಕೈ ನಡುಗತೊಡಗಿತು, ಮೈಯೆಲ್ಲ ಬೆವರು. ಒಂದು ಚೂರು ಬೆಲ್ಲ ಬಾಯಿಗಿಟ್ಟೆ. ಅದು ಎಷ್ಟು ಹೊತ್ತು ತಡೆದೀತು? ಹಂಡೆಯ ಪಕ್ಕಕ್ಕೆ ಕೆಂಡ ಎಳೆದು, ರಾಗಿ ಗಂಜಿಗೆ ಪಾತ್ರೆ ಇಟ್ಟೆ.

ತಾತನ ಹಿರಿಮಗಳು, ನಮ್ಮ ದೊಡ್ಡತ್ತೆ, ಓಡಿ ಬಂದಳು.

"ಏನ್ಲಾ ಇದು? ನಮ್ಮಪ್ಪನ ಎಣ ಒಳಗೈತೆ, ನೀನಿಲ್ಲಿ ಅಡ್ಗೆ ಮಾಡ್ತಾ ಕುಂತಿದ್ದೀಯಾ?"

"ಸತ್ತೋರ್ಗೆ ನೀರು ಕಾಯ್ಸಬೋದು, ಬದ್ಕಿರೋರ್ಗೆ ಗಂಜಿ ಕಾಯ್ಸಬಾರ್ದಾ ಅತ್ತೆ?"

"ಸ್ಕೂಲು ಬುಟ್ಟು ಬೀದಿ ಸುತ್ತೋನು ನಂಗೆ ಬುದ್ಧಿ ಏಳ್ತೀಯಾ?"

ಪಕ್ಕದಲ್ಲಿದ್ದ ಕೊಡ ಎತ್ತಿ ಸುರಿದೇಬಿಟ್ಟಳು. ಕೆಂಡವೂ ಆರಿತು, ಹಂಡೆಯ ಬೆಂಕಿಯೂ ಆರಿತು. ಅರ್ಧ ಬೆಂದ ಗಂಜಿಯನ್ನೇ ಅಜ್ಜಿಗೆ ಕುಡಿಸಿದೆ. "ಅಸಿ ಐತೆ ಕಣ್ಲಾ" ಅಂದಳು. ಆದರೂ ಲೋಟ ಬಿಡಲಿಲ್ಲ. ನಡುಕ ನಿಂತಿತು.

ನೆನೆದ ಸೌದೆ ಮತ್ತೆ ಹೊತ್ತಿಕೊಳ್ಳಲಿಲ್ಲ. ಹೊತ್ತಾಯಿತೆಂದು ಎಲ್ಲರೂ ಅವಸರ ಮಾಡಿದರು. ಬಿರುಬೇಸಿಗೆಯಲ್ಲೂ ಬಿಸಿನೀರಿಲ್ಲದೆ ಮೀಯದಿದ್ದ ತಾತನಿಗೆ ಕೊನೆಯ ಸ್ನಾನ ತಣ್ಣೀರಿನಲ್ಲಾಯಿತು.

ಶಾಸ್ತ್ರ ಕೆಡಲಿಲ್ಲವೆಂದು ದೊಡ್ಡತ್ತೆಗೆ ಈಗ ಸಮಾಧಾನವಂತೆ.