ಪಟ್ಟಿಯ ಐದನೆಯ ಪ್ರಾರ್ಥನಾ ವಿಷಯ

ಅಮ್ಮಾ, ಆ ಎಚ್ಚರಿಕೆಯನ್ನು ನಾನು ನಿನ್ನಿಂದ ಮುಚ್ಚಿಟ್ಟೆ. ಮರೆತಿದ್ದಲ್ಲ — ಮುಚ್ಚಿಟ್ಟಿದ್ದು.

ತಮ್ಮ ಸುನಿಲ್ ಮಿಷನ್ ಆಸ್ಪತ್ರೆಯ ಸೇವೆಗೆಂದು ದಕ್ಷಿಣ ಸುಡಾನಿಗೆ ಹೋಗುತ್ತೇನೆ ಎಂದಾಗ ನೀನು ಅಂದಿದ್ದೆ: "ನೀನು ಓದಿದೋಳು. ಆ ದೇಶ ಹೆಂಗಿದೆ ಅಂತ ತಿಳ್ಕೊಂಡು ಹೇಳು. ನೀನು ಸರಿ ಅಂದ್ರೆ ಕಳಿಸ್ತೀನಿ." ನಾನು ಎರಡು ತಿಂಗಳು ಆ ದೇಶದ ಬಗ್ಗೆ ಓದಿದೆ. ಜೆ.ಪಿ. ನಗರದ ನಮ್ಮ ಮನೆಯಲ್ಲಿ ಶನಿವಾರದ ಪ್ರಾರ್ಥನಾ ಕೂಟ ಸೇರಿದಾಗಲೆಲ್ಲ ಭೂಪಟ ಹರಡಿ ಅಲ್ಲಿನ ನದಿ, ದನಗಳು, ಮಳೆಗಾಲ ವಿವರಿಸುತ್ತಿದ್ದೆ. ಅಲ್ಲಿಯವರು ಜೋಳ ತಿನ್ನುತ್ತಾರೆ ಎಂದಾಗ, "ಮುದ್ದೆ ಇಲ್ವಾ? ಹಂಗಾದ್ರೆ ಇವನಿಗೆ ದಿನಾ ಉಪವಾಸ ಪ್ರಾರ್ಥನೇನೇ" ಎಂದು ನೀನು ಎಲ್ಲರನ್ನೂ ನಗಿಸಿದೆ.

ಕೊನೆಯ ವಾರ, ಮೊದಲು ಅಲ್ಲಿ ಕೆಲಸ ಮಾಡಿದ್ದ ನರ್ಸ್ ಒಬ್ಬರಿಂದ ನನಗೆ ಉತ್ತರ ಬಂತು. ಆಸ್ಪತ್ರೆಯಿಂದ ಪೇಟೆಗೆ ಇರುವುದು ಒಂದೇ ರಸ್ತೆ. ಬಂದೂಕು ಹಿಡಿದವರು ಅವರ ಗಾಡಿಯನ್ನು ಎರಡು ಸಲ ತಡೆದಿದ್ದರು. ಎರಡನೆಯ ಸಲ ಡ್ರೈವರ್ ಉಳಿಯಲಿಲ್ಲ. ತಮ್ಮನನ್ನು ಈಗ ಕಳಿಸಬೇಡಿ ಎಂದು ಬರೆದಿದ್ದರು.

ನಮ್ಮ ಕೂಟದಲ್ಲಿ ಭಯವನ್ನು ಭಯ ಎಂದು ಯಾರೂ ಹೇಳುವುದಿಲ್ಲ — ಪ್ರಾರ್ಥನಾ ವಿಷಯವಾಗಿ ಬರೆಯುತ್ತೇವೆ. ನಾನೂ ಬರೆದೆ. ಪಟ್ಟಿಯಲ್ಲಿ ಐದನೆಯದು: "ರಸ್ತೆ ಪ್ರಯಾಣದ ಸುರಕ್ಷತೆಗಾಗಿ." ಅಷ್ಟೇ. ನೀನು ಎಲ್ಲರಿಗಿಂತ ಜೋರಾಗಿ ಆಮೆನ್ ಎಂದೆ. ಆಮೇಲೆ ಅಡುಗೆಮನೆಯಲ್ಲಿ, ಲೋಟ ತೊಳೆಯುತ್ತ, ಮೆಲ್ಲಗೆ ಕೇಳಿದೆ.

"ನಿಮ್ಮಿ, ಕಳಿಸ್ಲೇನೇ?"

"ಕಳಿಸಮ್ಮ. ಏನೂ ಆಗಲ್ಲ."

ನಾನು ಯಾಕೆ ಹಾಗಂದೆ? ಬೀಳ್ಕೊಡುಗೆಗೆ ಚರ್ಚಿನ ಸಭೆಯೆಲ್ಲ ಸಿದ್ಧವಾಗಿತ್ತು... ದೇವರಲ್ಲಿ ವಿಶ್ವಾಸ ಸಾಲದವಳು ಅನ್ನಿಸಿಕೊಳ್ಳುವ ಅಳುಕು... ಇಲ್ಲ, ಇವೆಲ್ಲ ನೆಪ. ನಾಲ್ಕು ಜನರೆದುರು ಮುಖ ಉಳಿಸಿಕೊಳ್ಳಲು ತಮ್ಮನನ್ನು ಆ ರಸ್ತೆಗೆ ಕಳಿಸಿದೆ.

ಹೋದ ವರ್ಷ ಒಂದು ಬೆಳಿಗ್ಗೆ ನಾವಿಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ ಅವನ ಫೋನ್ ಬಂತು. "ಅಕ್ಕ, ಗಾಡಿ ನಿಲ್ಸಿದಾರೆ. ಅಮ್ಮಂಗೆ ಹೇಳ್ಬೇಡ." ಫೋನ್ ಸೀಟಿನ ಕೆಳಗೆ ಬಿತ್ತೇನೋ — ಕರೆ ಕಡಿಯಲಿಲ್ಲ. ಕಾಲು ಗಂಟೆ ಕೇಳಿಸಿಕೊಂಡೆ. ಬಾಗಿಲಿಗೆ ಬಡಿತ, ತಿಳಿಯದ ಭಾಷೆಯ ಕೂಗು, ಒಂದು ಗುಂಡು. ಆಮೇಲೆ ಏನೂ ಇಲ್ಲ. ನೀನು ತಲೆಯೆತ್ತದೆ, "ಯಾರೇ ಅದು?" ಎಂದೆ. "ಕಾಲೇಜಿನವರಮ್ಮ" ಎಂದೆ ನಾನು. ಕಿರುಚುವಂತಿಲ್ಲ, ಎದ್ದು ಹೋಗುವಂತಿಲ್ಲ. ಕೈ ಮಾತ್ರ ಸುಲಿಯುತ್ತಲೇ ಇತ್ತು.

ಆ ರಾತ್ರಿ ಅವನೇ ಆಸ್ಪತ್ರೆಯಿಂದ ಫೋನ್ ಮಾಡಿ ಹೇಳಿದ — ಗುಂಡು ಗಾಳಿಯಲ್ಲಿ ಹಾರಿಸಿದ್ದಂತೆ. ಇದ್ದುದನ್ನು ಕಿತ್ತುಕೊಂಡು ಬಿಟ್ಟರು. ಅಲ್ಲಿನ ಸಭೆಯಲ್ಲಿ ಅವನು ಅದನ್ನು ದೇವರು ಕಾಪಾಡಿದ್ದಕ್ಕೆ ಸಾಕ್ಷಿಯಾಗಿ ನಗುತ್ತ ಹೇಳುತ್ತಾನಂತೆ. ನಾನು ಈಗಲೂ ಯಾರಾದರೂ ಕಾರಿನ ಬಾಗಿಲು ಜೋರಾಗಿ ಹಾಕಿದರೆ ಕೈಲಿದ್ದ ಕೆಲಸ ಬಿಟ್ಟು ಅವನಿಗೆ ಫೋನ್ ಮಾಡುತ್ತೇನೆ.

ಅವನು ಇನ್ನೆರಡು ವರ್ಷ ಅಲ್ಲೇ ಇರುತ್ತೇನೆ ಎನ್ನುತ್ತಿದ್ದಾನೆ. ಈ ಶನಿವಾರ ಕೂಟದವರು ನಿನ್ನ ಒಪ್ಪಿಗೆ ಕೇಳುತ್ತಾರೆ. ಏನು ಹೇಳಲಿ ಎನ್ನುವಂತೆ ನಿನ್ನೆ ನೀನು ಮತ್ತೆ ನನ್ನ ಮುಖ ನೋಡಿದೆ. ಅದಕ್ಕೇ ಇದನ್ನು ಬರೆದೆ. ಹಿಂದೆ ನೀನು ಕೊಟ್ಟದ್ದು ಒಪ್ಪಿಗೆಯಲ್ಲ ಅಮ್ಮ — ನನ್ನ ಸುಳ್ಳನ್ನು ನಂಬಿದ್ದು. ಈಗ ನನಗೆ ತಿಳಿದದ್ದೆಲ್ಲ ನಿನಗೂ ತಿಳಿದಿದೆ. ನೀನು ಬೇಡ ಎಂದರೆ, ಅಷ್ಟು ಜನರ ಮುಂದೆ ಎದ್ದು ನಿಂತು ಅದನ್ನು ಹೇಳುವವಳು ನಾನು.