ಒಂದು ನಿಮಿಷದ ಓದು

ಕಲಿಕಾ ಸಮೀಕ್ಷೆಯವರು ಬರುತ್ತಾರೆಂದು ಗೊತ್ತಾದ ವಾರ ನಮ್ಮ ಶಾಲೆಯಲ್ಲಿ ಎರಡು ಪವಾಡಗಳು ನಡೆದವು. ಹುಡುಗಿಯರ ಪಾಯಖಾನೆಗೆ ಬಾಗಿಲು ಬಂತು, ನಲ್ಲಿಗೆ ನೀರು ಬಂತು. ವರ್ಷಗಟ್ಟಲೆ ನಾವು ಬೇಡಿದ್ದ ಬಾಗಿಲದು. ಮಕ್ಕಳ ಜ್ಞಾನ ಅಳೆಯಲು ಅದು ಅವಶ್ಯವೆಂದು ಮೇಲಿನವರಿಗೆ ಈಗ ಹೊಳೆದಿತ್ತು.

ಹೈದರಾಬಾದಿನಲ್ಲಿ ಅಳಿದುಳಿದಿರುವ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳಲ್ಲಿ ನಮ್ಮದೊಂದು. ಬಾಲಾನಗರದ ಲೇತ್ ಮಿಷನ್ನುಗಳ ಸದ್ದಿನ ನಡುವೆ ಮಗ್ಗಿ ಹೇಳಿಸುವ ಮೂರನೇ ತರಗತಿಯ ಮಾಸ್ತರ ನಾನು. ಸಮೀಕ್ಷೆ ನನ್ನ ತರಗತಿಗೇ ಇತ್ತು. ಅವರು ಆರಿಸಿದ ಮಕ್ಕಳು ಒಬ್ಬೊಬ್ಬರಾಗಿ ಕೂತು ಒಂದು ನಿಮಿಷ ಗಟ್ಟಿಯಾಗಿ ಓದಬೇಕು. ಎಷ್ಟು ಪದ ಓದಿದರೋ ಅಷ್ಟು ವಿದ್ಯೆ.

ಹಿಂದಿನ ದಿನ ಗೇಟಿನ ಹತ್ತಿರ ಒಬ್ಬ ಹುಡುಗಿಯ ಅಪ್ಪ ನನ್ನನ್ನು ತಡೆದ. ಬಾಗಲಕೋಟೆ ಕಡೆಯವನು, ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಅವನ ಮಗಳು ನನ್ನ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವವಳು.

"ಸರ್ರ, ನಮ್ಮಣ್ಣ ದಿನಾ ಜೀವ ತಿಂತಾನ್ರಿ. ಕನ್ನಡ ಸಾಲ್ಯಾಗ ಇಟ್ಟು ಹುಡುಗೀನ್ನ ಹಾಳ ಮಾಡಾಕತ್ತಿ, ಇಂಗ್ಲಿಷ್ ಸಾಲಿಗೆ ಹಾಕು ಅಂತಾನ. ನಮ್ಮವ್ವ ಬಿಲ್ಕುಲ್ ಬ್ಯಾಡ ಅಂತಾಳ. ನಡುವ ನನ್ನ ಹೆಣ ಬೀಳಾಕತ್ತೈತಿ."

"ನಿನಗೇನು ಅನಸ್ತೈತಪ?"

"ನಂದೇನೈತ್ರಿ? ಸರಕಾರದವ್ರು ಬಂದು ತಪಾಸ ಮಾಡ್ತಾರಂತಲ್ಲ. ಅವ್ರು ಚಲೋ ಓದ್ತಾಳಂದ್ರ ಇಲ್ಲೇ ಇರ್ತಾಳ. ಇಲ್ಲಂದ್ರ ಅಣ್ಣ ಹೇಳಿದ ಸಾಲಿ. ಮನ್ಯಾಗ ಎಲ್ಲಾರೂ ಒಪ್ಪ್ಯಾರ."

ನನಗೆ ನಗು ಬಂತು. ಗೆದ್ದಾಗಿರುವ ಪಂದ್ಯಕ್ಕೆ ಇಷ್ಟು ಯೋಚನೆಯೇ ಎಂದುಕೊಂಡೆ. "ಹೋಗಪ, ನಿಶ್ಚಿಂತಿಯಿಂದ ಡ್ಯೂಟಿ ಮಾಡು" ಎಂದು ಕಳಿಸಿದೆ.

ಮರುದಿನ ಬಂದವಳು ತರಬೇತಿ ಕಾಲೇಜಿನ ಒಬ್ಬ ಹೆಣ್ಣುಮಗಳು. ಗಡಿಭಾಗದವಳು, ಕನ್ನಡ ತೆಲುಗು ಎರಡೂ ಬಲ್ಲವಳು, ವಿನಯವಂತೆ. ಕೈಯಲ್ಲಿ ಟ್ಯಾಬು. ಹೆಡ್ ಮೇಡಂ ಆಕೆಗೆ ಚಹಾ, ಉಸ್ಮಾನಿಯಾ ಬಿಸ್ಕತ್ತು ಕೊಟ್ಟು ರಾಜದೂತರನ್ನು ಒಳಗೆ ಕರೆದೊಯ್ಯುವಂತೆ ಕರೆದೊಯ್ದರು. ನನಗೆ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುವ ಅಪ್ಪಣೆಯಾಯಿತು. ಕೆಮ್ಮುವುದಿದ್ದರೆ ಹೊರಗೆ ಹೋಗಿ ಕೆಮ್ಮಬೇಕು. ಪರೀಕ್ಷೆ ಮಾಡುವವರಿಗೂ ನಿಯಮವಿತ್ತು. ಮಗು ಓದುವಾಗ ನಗಬಾರದು, ತಲೆಯಾಡಿಸಬಾರದು, ಬಾಯಿಂದ ಯಾವ ಸದ್ದೂ ಬರಬಾರದು. ಬಂದರೆ ಅದು ಸಹಾಯ ಮಾಡಿದಂತಾಗುತ್ತದೆ.

ಟ್ಯಾಬು ಆರಿಸಿದ ಹೆಸರುಗಳಲ್ಲಿ ಆ ಹುಡುಗಿಯದೂ ಇತ್ತು. ನಾನು ಒಳಗೊಳಗೇ ಹಿಗ್ಗಿದೆ.

ಅವಳು ಎಣ್ಣೆ ಹಾಕಿ ಬಾಚಿದ ಜಡೆ ಹಿಂದೆ ಸರಿಸಿ, ಕೈಗೆ ಕೊಟ್ಟ ಪುಸ್ತಕದ ಮೊದಲ ಸಾಲನ್ನು ಗಂಟೆ ಹೊಡೆದ ಹಾಗೆ ಓದಿದಳು. ಒಂದು ಅಕ್ಷರ ಎಡವಲಿಲ್ಲ. ಓದಿ ತಲೆಯೆತ್ತಿ ಸಮೀಕ್ಷೆಯ ಮೇಡಮ್ಮಿನ ಮುಖ ನೋಡುತ್ತ ಸುಮ್ಮನೆ ಕೂತಳು.

ಮೇಡಂ ನಿಯಮದ ಪ್ರಕಾರ ಕಲ್ಲಾಗಿದ್ದಳು. ಹುಡುಗಿ ಕಾದಳು. ಮತ್ತೆ ಅದೇ ಸಾಲನ್ನು ಇನ್ನೂ ಗಟ್ಟಿಯಾಗಿ ಓದಿದಳು. ಮತ್ತೆ ನೋಡಿದಳು. ಪಕ್ಕದ ಶೆಡ್ಡಿನಲ್ಲಿ ಯಾರೋ ಕಬ್ಬಿಣ ಕೊಯ್ಯುತ್ತಿದ್ದರು. ಓದೇ ತಾಯಿ, ಓದೇ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಹುಡುಗಿ, ಯಾರೋ ಮಲಗಿರುವ ಕೋಣೆಯಲ್ಲಿ ಕೂತವಳಂತೆ, ಸದ್ದಾಗದ ಹಾಗೆ ಪುಸ್ತಕ ಮೆಲ್ಲಗೆ ಮುಚ್ಚಿಟ್ಟಳು. ಟ್ಯಾಬು ಟಿಣ್ ಎಂದಿತು.

ಅವಳನ್ನು ನಲ್ಲಿಯ ಹತ್ತಿರ ಕರೆದೊಯ್ದು ಕೇಳಿದೆ. "ಯಾಕವ್ವ ನಿಂತಿ? ಹೆದರಿಕಿ ಆತೇನ?"

"ಇಲ್ರಿ ಸರ್. ಆ ಮೇಡಮ್ಮಾರು ಹ್ಞೂಂ ಅನ್ನಲಿಲ್ರಿ."

"ಅವ್ರ್ಯಾಕ ಹ್ಞೂಂ ಅನಬೇಕು?"

ನನ್ನ ದಡ್ಡತನಕ್ಕೆ ಅವಳಿಗೆ ಆಶ್ಚರ್ಯವಾಯಿತು. "ನೀವೂ ಓದಸೂವಾಗ ಹ್ಞೂಂ ಅಂತೀರಲ್ರಿ. ಮನ್ಯಾಗ ಅಜ್ಜಿಗೆ ಕಣ್ಣ ಕಾಣಂಗಿಲ್ರಿ. ನಾ ದಿನಾ ಸಂಜಿಕ ಕತಿ ಓದತೀನಿ. ಒಂದ ಸಾಲ ಓದಿದ ಮ್ಯಾಲೆ ಆಕಿ ಹ್ಞೂಂ ಅಂತಾಳ, ಆಮ್ಯಾಲೆ ಮುಂದಿನ ಸಾಲು. ಅನ್ನಲಿಲ್ಲಂದ್ರ ನಿದ್ದಿ ಹತ್ತೈತಿ ಅಂತ ತಿಳ್ಕೊಂಡು ಪುಸ್ತಕ ಮುಚ್ಚೋದ್ರಿ."

"ಮೇಡಮ್ಮಾರ ಕಣ್ಣು ತೆರೆದಿತ್ತಲ್ಲವ್ವ?"

"ತೆರೆದಿತ್ರಿ. ಆದ್ರ ಟ್ಯಾಬ್ ನೋಡಾಕತ್ತಿದ್ರು. ಕೇಳಾಕತ್ತಾರೋ ಇಲ್ಲೋ ಹೆಂಗ ಗೊತ್ತಾಗಬೇಕ್ರಿ?"

ಓಡಿದೆ. ನನ್ನ ವಯಸ್ಸಿಗೆ ಓಡುವುದು ಶೋಭೆಯಲ್ಲ, ಆದರೂ ಓಡಿದೆ. ಮೇಡಂ ಗೇಟು ದಾಟಿ ಆಟೋ ಹತ್ತುತ್ತಿದ್ದಳು. ವಿಷಯ ಹೇಳಿ, ಇನ್ನೊಮ್ಮೆ ಓದಿಸಿ ಎಂದು ಕೈ ಮುಗಿದೆ. ಅವಳ ಕಣ್ಣಲ್ಲಿ ನೀರಾಡಿತು, ಅದು ಸುಳ್ಳಲ್ಲ.

"ನಮ್ಮ ಮನೇಲೂ ಹಂಗೇ ಸಾರ್, ಹ್ಞೂಂ ಅಂತಿರ್ಲೇಬೇಕು. ಆದ್ರೆ ಟ್ಯಾಬ್ ಒಪ್ಪಲ್ಲ ಸಾರ್. ಒಂದ್ಸಲ ಸಬ್ಮಿಟ್ ಆದ್ರೆ ಅಯಿಪೋಯಿಂದಿ, ಮುಗೀತು."

ಫಲಿತಾಂಶ ಬಂತು. ಹುಡುಗಿ ಪದಗಳನ್ನು ಈಗಷ್ಟೇ ಗುರುತಿಸಲು ಕಲಿಯುತ್ತಿರುವ ಹಂತದಲ್ಲಿದ್ದಾಳೆಂದು ಅದು ಸಾರಿತು. ಅವಳಪ್ಪ ಬಂದಾಗ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಪುಸ್ತಕ ಕೊಟ್ಟು ಅವನೆದುರೇ ಓದಿಸಿದೆ. ಸಾಲಿಗೊಮ್ಮೆ ಹ್ಞೂಂ ಎಂದೆ. ಅವಳು ಪಾಠ ಮುಗಿಸಿ ಮುಂದಿನ ಪಾಠಕ್ಕೂ ಕೈ ಹಾಕಿದಳು.

ಅವನು ತಲೆ ತಗ್ಗಿಸಿಯೇ ಹೇಳಿದ. "ಓದ್ತಾಳ, ನಂಗೂ ಗೊತ್ತೈತ್ರಿ ಸರ್ರ. ಆದ್ರ ಊರಾಗ ಎಲ್ಲಾ ಕಡಿ ಯಾರು ಹ್ಞೂಂ ಅನಕೋತ ಕುಂದರ್ತಾರ್ರಿ? ನಮ್ಮ ಫ್ಯಾಕ್ಟರ್ಯಾಗ ಮಿಷನ್ ಒಂದ್ಸಲ ಬ್ಯಾಡ ಅಂದ್ರ ಚಲೋ ಗುಳಿಗೀನೂ ಒಗೀತಾರ. ಮಾತು ಕೊಟ್ಟೀನ್ರಿ ಅಣ್ಣಗ."

ದೊಡ್ಡ ರಜೆಯ ನಂತರ ಅವಳು ಬರಲಿಲ್ಲ. ಅದೇ ಮಕ್ಕಳನ್ನು ಮತ್ತೆ ಅಳೆದ ಮುಂದಿನ ಸಮೀಕ್ಷೆಯಲ್ಲಿ ನಮ್ಮ ಶಾಲೆಯ ಸರಾಸರಿ ಏರಿತು. ತೀರಾ ಕಡಿಮೆ ಅಂಕದವಳು ಹೋದ ಮೇಲೆ ಏರದೆ ಇನ್ನೇನು ಮಾಡೀತು? ನಾಂಪಲ್ಲಿಯ ಶಿಕ್ಷಣ ಕಚೇರಿಯ ಸಭೆಯಲ್ಲಿ ಸಾಹೇಬರು ನಮ್ಮನ್ನು ಎದ್ದು ನಿಲ್ಲಿಸಿ, ಈ ಪ್ರಗತಿ ಹೇಗೆ ಸಾಧಿಸಿದಿರಿ, ಎರಡು ಮಾತು ಹೇಳಿ ಎಂದರು. ಹೆಡ್ ಮೇಡಂ ಶಿಸ್ತು, ಶ್ರಮ ಎಂದು ಎರಡೇ ಮಾತು ಹೇಳಿದರು. ಸಭೆ ಚಪ್ಪಾಳೆ ತಟ್ಟಿತು.

ಮೊನ್ನೆ ಬಾಲಾನಗರದ ತರಕಾರಿ ಗಾಡಿಯ ಮುಂದೆ ಆ ಹುಡುಗಿಯ ಅಪ್ಪ ಸಿಕ್ಕ. ಮಗಳು ಹೇಗಿದ್ದಾಳೆಂದು ಕೇಳಿದೆ.

"ಭಾಳ ಫಾಸ್ಟ್ ಓದ್ತಾಳ್ರಿ ಸರ್ರ ಈಗ. ಎಲ್ಲೂ ನಿಂದ್ರಂಗಿಲ್ಲ."

"ಏನ್ ಓದ್ತಾಳಪ?"

"ಇಂಗ್ಲಿಷ್ ಅಲ್ರೀ, ನಂಗೆಲ್ಲಿ ತಿಳೀಬೇಕು? ಆಕಿಗೂ ಪೂರ್ತಿ ತಿಳಿಯಂಗಿಲ್ಲ ಅನಸ್ತೈತಿ."

"ಮತ್ತ ನಿಮ್ಮವ್ವ?"

ಅವನು ಬದನೆಕಾಯಿ ಒತ್ತಿ ನೋಡಿ, ಮತ್ತೆ ಗಾಡಿಯಲ್ಲಿಟ್ಟ.

"ಸಂಜಿಕ ಟಿವಿ ಹಚ್ಚಿಕೊಡ್ತೀವ್ರಿ. ತೆಲುಗು ಧಾರಾವಾಹಿ. ಒಂದಕ್ಷರ ತಿಳಿಯಂಗಿಲ್ಲ, ಸುಮ್ಮನ ಕುಂತಿರ್ತಾಳ."