ಕಾಕಾ ಜೋಡಿಸಿದ ಒಂದು ಗೇಣು ವೈರು

ಬೇರೆಯವರು ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಳ್ಳುವಂತೆ ಕಾಕಾ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಅದರ ಹಳದಿ ಹಿಡಿಕೆ ತಿಕ್ಕಿ ತಿಕ್ಕಿ ಬಲಗಿವಿಯ ಮೇಲೆ ಗೆರೆಯೇ ಮೂಡಿತ್ತು. ಕುಳಗೇರಿ ಕ್ರಾಸಿನಲ್ಲಿ ಟ್ರ್ಯಾಕ್ಟರುಗಳ ವೈರಿಂಗ್ ಕೆಲಸ ಅವರದು; ಪಕ್ಕದ ಬಿಡಿಭಾಗಗಳ ಅಂಗಡಿಯ ಕೌಂಟರು ನನ್ನದು. ಕ್ರಾಸಿನವರೆಲ್ಲರಿಗೂ ಅವರು ಕಾಕಾ, ನನಗೂ ಕಾಕಾ.

ಯಾವ ಗಾಡಿ ಬಂದರೂ ಮೊದಲು ಹತ್ತಿ ಕುಳಿತು ಗೇರ್ ಅಲುಗಾಡಿಸಿ ನೋಡುವರು. ನನ್ನ ಬೈಕನ್ನೂ ಬಿಟ್ಟವರಲ್ಲ.

ಎಲ್ಲವನ್ನೂ ಬರೆದಿಡುವ ಚಟ ನನ್ನದು. ಆ ವರ್ಷದ ಹಿಂಗಾರಿ ಬಿತ್ತಿಗೆಯ ತಿಂಗಳಲ್ಲಿ "ಡೈರೆಕ್ಟ್ ಮಾಡಿಕೊಡ್ರಿ" ಎಂದು ಅವರ ಬಳಿ ಬಂದವರು ಹದಿನಾಲ್ಕು ಮಂದಿ ಎಂದು ಡೈರಿಯಲ್ಲಿದೆ. ಕ್ಲಚ್ ಒತ್ತಿದರೆ ಮಾತ್ರ ಎಂಜಿನ್ ಚಾಲೂ ಆಗಲಿ ಎಂದು ಟ್ರ್ಯಾಕ್ಟರಿಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದು ಕೆಟ್ಟರೆ ಎಂಜಿನ್ ಚಾಲೂ ಆಗುವುದಿಲ್ಲ; ಹೊಸದು ಹುಬ್ಬಳ್ಳಿಯಿಂದ ಬರಲು ನಾಲ್ಕು ದಿನ ಬೇಕು. ಅದನ್ನು ಕಿತ್ತೆಸೆದು ಎರಡು ತುದಿಗಳನ್ನು ವೈರಿನಿಂದ ಸೇರಿಸಲು ಐದು ನಿಮಿಷ ಸಾಕು. ಅದೇ ಡೈರೆಕ್ಟ್. ಹದಿಮೂರು ಮಂದಿಯನ್ನು ಕಾಕಾ ಹಿಂದಕ್ಕೆ ಕಳಿಸಿದರು.

"ಮುದುಕಗ ಕೈ ನಡಗತಾವು, ವೈರ್ ಜೋಡ್ಸಾಕ ಬರಂಗಿಲ್ಲ," ಎಂದು ಅವರಲ್ಲೊಬ್ಬ ಚಹಾದಂಗಡಿಯಲ್ಲಿ ಕುಳಿತು ನಕ್ಕ.

"ಹೌದಪಾ, ನಿನ್ನ ಹೆಣಾ ಹೊರೂದು ನೆನಿಸಿಕೊಂಡ್ರ ನಡಗತಾವು," ಎಂದರು ಕಾಕಾ.

ಹದಿನಾಲ್ಕನೆಯವರು ಅವರ ಅಕ್ಕನ ಗಂಡ.

"ಏನಲೇ, ಹೆಂಡ್ತಿ ತಮ್ಮ ಅಂತ ಬಂದ್ರ ನನಗೂ ಕಾಯ್ದಿ ಹೇಳ್ತೀಯೇನು? ಬಿತ್ತೂ ಹೊಲದಾಗ ಮಣ್ಣಿನ ಹಸಿ ಆರಾಕತ್ತೈತಿ."

"ಮಾಮಾ, ನಾಕ ದಿನ ತಡೀರಿ."

"ನಾಕ ದಿನ ಹಸಿ ನಿನ್ನ ಮಾತ ಕೇಳಿ ನಿಂದರತೈತೇನು?"

ಅಕ್ಕನ ಗಂಡನಿಗೆ ಇಲ್ಲವೆನ್ನಲು ಅವರಿಂದ ಆಗಲಿಲ್ಲ. ಸ್ವಿಚ್ ಬಂದ ದಿನವೇ ಬರಬೇಕೆಂದು ಮಾತು ತೆಗೆದುಕೊಂಡು ಒಂದು ಗೇಣು ವೈರು ಜೋಡಿಸಿದರು. ಸ್ವಿಚ್ ಐದನೆಯ ದಿನ ಬಂತು. ನನ್ನೆದುರಿಗೇ ನಾಲ್ಕು ಸಲ ಫೋನ್ ಮಾಡಿದರು. "ಹಬ್ಬ ಮುಗೀಲಿ ತಡಿಯೋ" ಎಂಬುದೇ ನಾಲ್ಕೂ ಸಲದ ಉತ್ತರ.

ಮಹಾನವಮಿಯ ಖಂಡೆಪೂಜೆ, ಅಂದರೆ ಆಯುಧಪೂಜೆಯ ದಿನ ಟ್ರ್ಯಾಕ್ಟರಿನ ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಗಾಡಿ ಹಾಯಿಸುವುದು ನಮ್ಮಲ್ಲಿ ಪದ್ಧತಿ. ಆ ದಿನ ಕಾಕಾರ ಅಕ್ಕ ಮುಂದಿನ ಗಾಲಿಯ ಬಳಿ ಬಗ್ಗಿ ಕೊನೆಯ ಹಣ್ಣು ಇಡುತ್ತಿದ್ದರು. ಗಂಡ ಮೇಲೆ ಹತ್ತಲಿಲ್ಲ. ನೆಲದ ಮೇಲೆ ನಿಂತೇ ಕೈ ಚಾಚಿ ಕೀಲಿ ತಿರುಗಿಸಿದರು. ಗಾಡಿ ಗೇರಿನಲ್ಲಿತ್ತು, ತಡೆಯಲು ಸ್ವಿಚ್ ಇರಲಿಲ್ಲ. ಮುಂದಕ್ಕೆ ಜಿಗಿಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಅಕ್ಕನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ನಾನು ಕಾಕಾರ ಜೊತೆ ಹೋಗಿದ್ದೆ. ವರಾಂಡದಲ್ಲಿ ಹತ್ತು ಜನ ನೆಂಟರು. ದೃಷ್ಟಿ ತಾಗಿತು ಎಂದರು ಒಬ್ಬರು. ಹಣ್ಣು ಕೊಳೆತಿತ್ತು ಎಂದರು ಇನ್ನೊಬ್ಬರು. ಪೂಜೆಯ ಹೊತ್ತು ತಪ್ಪಿತ್ತಂತೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಒಬ್ಬ ಹೆಂಗಸಿನ ಕಾಲು ಹೋಗಿದೆ, ಇವರು ನಿಂಬೆಹಣ್ಣಿನ ವಿಚಾರಣೆ ನಡೆಸಿದ್ದರು! ಯಾರ ಬಾಯಲ್ಲೂ ಸ್ವಿಚ್ಚಿನ ಮಾತಿಲ್ಲ.

ಕಾಕಾ ಎದ್ದು ನಿಂತರು.

"ದೃಷ್ಟಿ ಅಲ್ಲ, ಏನೂ ಅಲ್ಲ. ಆ ವೈರ್ ಜೋಡ್ಸಿದಾಂವ ನಾನು. ಮಾಮಾ ಕೇಳಿದ್ರು, ನಾ ಜೋಡ್ಸಿದೆ. ಇಬ್ಬರೂ ಕೂಡಿ ಅಕ್ಕನ ಕಾಲ ತಿಂದ್ವಿ."

"ಬಾಯಿ ಮುಚ್ಚಲೇ, ಪೊಲೀಸ್ರು ಕೇಳ್ಯಾರು," ಎಂದರು ಅಕ್ಕನ ಗಂಡ.

"ಕೇಳ್ಲಿ."

ಮರುದಿನವೇ ಕಾಕಾ ಹೋಗಿ ಆ ಗಾಡಿಗೆ ಸ್ವಿಚ್ ಹಾಕಿದರು. ಯಾರೂ ಕೀಳದಂತೆ ಅದರ ಮೇಲೊಂದು ಕಬ್ಬಿಣದ ಪಟ್ಟಿ ಬೆಸೆಯಿಸಿದರು. ಆಮೇಲೆ ನನ್ನ ಬಳಿ ಬಂದು, "ನೀ ಬರಿಯೂದರಾಗ ಶ್ಯಾಣ್ಯಾ ಇದ್ದಿ. ಬರಕೋ," ಎಂದು, ಹರೆಯದಲ್ಲಿ ತಾವು ಡೈರೆಕ್ಟ್ ಮಾಡಿಕೊಟ್ಟಿದ್ದ ಗಾಡಿಗಳನ್ನು ನೆನೆನೆನೆದು ಹೇಳಿದರು. ಇಪ್ಪತ್ತೆರಡಾದವು. ಪ್ರತಿ ಅಮಾವಾಸ್ಯೆ, ಗಾಡಿಗಳು ಹೊಲಕ್ಕಿಳಿಯದ ದಿನ, ನನ್ನ ಬೈಕಿನಲ್ಲಿ ಊರೂರಿಗೆ ಹೋದೆವು. ಹದಿನೇಳಕ್ಕೆ ಸ್ವಿಚ್ ಕೂಡಿತು. ಉಳಿದ ಐವರು, "ಆರಾಮ ನಡದೈತಿ, ಮುಟ್ಟಬ್ಯಾಡ್ರಿ" ಎಂದು ಬಾಗಿಲಲ್ಲೇ ಕಳಿಸಿದರು. ಆ ಐದು ಹೆಸರುಗಳ ಕೆಳಗೆ ನಾನು ಎಳೆದ ಗೆರೆಗೆ ಹಾಳೆ ಹರಿದಿದೆ.

ಹೋದ ವರ್ಷ ಕಾಕಾ ಎದೆನೋವಿನಿಂದ ತೀರಿಕೊಂಡರು. ಹೆಣವನ್ನು ಹೂವಿನ ನಡುವೆ ಕೂರಿಸಿ ಒಯ್ಯಲು ಅಕ್ಕನ ಮನೆಯ ಟ್ರ್ಯಾಕ್ಟರೇ ಬಂತು. ಅದರ ಮುಂದೆಯೇ ಭಜನೆಯವರು, ಹೆಂಗಸರು ನೆರೆದು ನಿಂತಿದ್ದರು. ಅಕ್ಕನ ಗಂಡ ನೆಲದ ಮೇಲೆ ನಿಂತೇ ಕೈ ಚಾಚಿ ಕೀಲಿ ತಿರುಗಿಸಿದರು. ಒಮ್ಮೆ. ಇನ್ನೊಮ್ಮೆ. ಮತ್ತೊಮ್ಮೆ. ಎಂಜಿನ್ ಚಾಲೂ ಆಗಲಿಲ್ಲ.

"ಇದಕ ಇವತ್ತ ಕೆಡಬೇಕಾಗಿತ್ತೇನು!" ಎಂದು ಗಾಲಿಗೆ ಒದ್ದರು.

ಊರುಗೋಲು ಊರಿ ನಿಂತಿದ್ದ ಅಕ್ಕ ಕಣ್ಣೊರೆಸಿಕೊಳ್ಳದೆಯೇ ಹೇಳಿದರು:

"ಕೆಟ್ಟಿಲ್ಲ. ನನ್ನ ತಮ್ಮ ಹಾಕಿದ ಸ್ವಿಚ್ ಅದು. ಮ್ಯಾಲ ಹತ್ತಿ ಕ್ಲಚ್ ಒತ್ರಿ."